ಶಾಸ್ತ್ರಕ್ಕೊಂದು ಕತ್ತಿ

ಅನ್ನಪೂರ್ಣೇಶ್ವರಿ ನಗರದ ಗೋಪೀನಾಥರ ಎಡಗೈ ನೋಡಿದರೆ ಸಾಕು, ಅವರ ವಾರ ಹೇಗೆ ಕಳೆಯಿತು ಅಂತ ಹೇಳಿಬಿಡಬಹುದು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿಲ್ಲದೆ ನುಣ್ಣಗಿದ್ದರೆ ಕೆಲಸ ಭರ್ಜರಿಯಾಗಿ ನಡೆದಿದೆ ಅಂತ ಅರ್ಥ. ಅಲ್ಲಲ್ಲಿ ಚಿಗುರಿದ್ದರೆ, ಪಾಪ, ಹೊಸ ಕತ್ತಿ ಯಾವುದೂ ಸಿಕ್ಕಿಲ್ಲ. ಅರ್ಧ ತೋಳಿನ ಶರ್ಟು ಹಾಕಿಕೊಂಡು ನೆಂಟರ ಮನೆಗೆ ಬರಕೂಡದು ಅಂತ ಹೆಂಡತಿ ಪುಟ್ಟಲಕ್ಷ್ಮಮ್ಮನ ಕಟ್ಟಪ್ಪಣೆ ಇದೆ. ಒಂದು ಕೈಯಲ್ಲಿ ಕಾಡು, ಇನ್ನೊಂದು ಕೈಯಲ್ಲಿ ಬಯಲು. ನೋಡಿದವರು ಏನೋ ಕಾಯಿಲೆ ಅಂದುಕೊಳ್ಳುತ್ತಾರಂತೆ.

ಕತ್ತಿ ಅಂದ ಕೂಡಲೇ ಮಚ್ಚು, ಲಾಂಗು ಅಂತ ಹೆದರಬೇಡಿ. ಇದು ಕ್ಷೌರದ ಕತ್ತಿ. ಹಿಡಿಯೊಳಗೆ ಮಡಚಿಕೊಳ್ಳುತ್ತದಲ್ಲ, ನಮ್ಮ ತಾತಂದಿರ ಕೆನ್ನೆ ಕಂಡಿದ್ದ ಕತ್ತಿ, ಅದು. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡು ಮುರಿದು ಸಿಕ್ಕಿಸುತ್ತಾರೆ, ಗಿರಾಕಿ ಎದ್ದ ಮೇಲೆ ಬಿಸಾಕುತ್ತಾರೆ. ಆ ಹಳೇ ಕತ್ತಿಗಳೆಲ್ಲ ಡ್ರಾಯರಿನ ಮೂಲೆಗೋ ಗುಜರಿಗೋ ಸೇರಿಹೋದವು. ಅವನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಸಾಣೆ ಹಿಡಿದು, ಹೊಸದಾಗಿ ಹುಟ್ಟಿದವೋ ಅನ್ನುವ ಹಾಗೆ ಮಾಡುವುದೇ ಗೋಪೀನಾಥರ ಹುಚ್ಚು.

ಮೂವತ್ತಾರು ವರ್ಷ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಮಾಡಿದ ಮನುಷ್ಯ. ಕೂದಲೆಳೆಯ ಹತ್ತನೇ ಒಂದು ಭಾಗ ಹೆಚ್ಚುಕಮ್ಮಿಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ರಿಟೈರಾದ ಮೊದಲ ತಿಂಗಳು ಮನೆಯಲ್ಲಿ ಕೂತು ಹೆಂಡತಿಗೆ ಬೆಂಡೆಕಾಯಿ ಹೆಚ್ಚುವುದು ಹೇಗೆ ಅಂತ ಪಾಠ ಶುರುಮಾಡಿದರು. ಹೋಳುಗಳೆಲ್ಲ ಒಂದೇ ಅಳತೆ ಇರಬೇಕಂತೆ. ಪುಟ್ಟಲಕ್ಷ್ಮಮ್ಮ ಎರಡು ವಾರ ಸಹಿಸಿಕೊಂಡರು. ಮೂರನೇ ಭಾನುವಾರ "ಏನ್ರೀ, ಎಲ್ಲಾದ್ರೂ ಹೊರಗೆ ಹೋಗಿ ಬನ್ನಿ, ಪುಣ್ಯ ಬರುತ್ತೆ" ಅಂತ ಚಪ್ಪಲಿ ಮುಂದೆ ತಂದಿಟ್ಟರು.

ಆವತ್ತು ಹಳೇ ಸಾಮಾನು ಮಾರುವ ಸಂಡೇ ಬಜಾರಿಗೆ ಹೋದವರು ತುಕ್ಕು ಹಿಡಿದ ಒಂದು ಕತ್ತಿ ಹಿಡಿದು ಬಂದರು. ಎಮ್ಮೆ ಕೊಂಬಿನ ಹಿಡಿ, ಅದರ ಅರ್ಧ ಹುಳ ತಿಂದಿತ್ತು. ಉಜ್ಜಿದರೆ ತುಕ್ಕಿನ ಅಡಿಯಲ್ಲಿ, ಕತ್ತಿಗೆ ಹೆಸರುವಾಸಿಯಾದ ಜರ್ಮನಿಯ ಊರಿನ ಹೆಸರು! ಗೋಪೀನಾಥರು ಕಳೆದುಹೋದ ತಮ್ಮ ಸಿಕ್ಕಂತೆ ಕುಣಿದಾಡಿದರು. ಈಗ ಅಂಥವು ನಲವತ್ತಮೂರಿವೆ. ಎಲ್ಲವೂ ತಾರಸಿಯ ಮೇಲಿನ ಶೀಟಿನ ರೂಮಿನಲ್ಲಿ. ಕ್ಷೌರದ ಕತ್ತಿ ಮನೆಯೊಳಗಿದ್ದರೆ ಗಂಡ ಹೆಂಡಿರಿಗೆ ಜಗಳವಾಗುತ್ತದೆ ಅಂತ ಪುಟ್ಟಲಕ್ಷ್ಮಮ್ಮ ಹೊಸ್ತಿಲು ದಾಟಿಸಲಿಲ್ಲ. ಅದನ್ನು ಒಳಗೆ ತರಬೇಕೋ ಬೇಡವೋ ಅಂತ ಇಬ್ಬರೂ ಮೂರು ವರ್ಷದಿಂದ ಜಗಳವಾಡುತ್ತಲೇ ಇದ್ದಾರೆ.

ಇಷ್ಟೆಲ್ಲ ಇದ್ದರೂ ಗೋಪೀನಾಥರು ದಿನಾ ಗಡ್ಡ ತೆಗೆಯುವುದು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ರೇಜರಿನಲ್ಲಿ. ಮೊದಲ ಸಲ ಹಳೇ ಕತ್ತಿ ಹಿಡಿದು ಕನ್ನಡಿ ಮುಂದೆ ನಿಂತಾಗ ಗಲ್ಲದ ಕೆಳಗೆ ಒಂದಿಂಚು ಕುಯ್ದುಹೋಯಿತು. ಹೆಂಡತಿ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದರು. ಅಲ್ಲಿಂದ ಎಲ್ಲ ಪರೀಕ್ಷೆಯೂ ಎಡಗೈ ಮೇಲೆ.

ಈ ಮನುಷ್ಯನ ಕಣ್ಣು ಬಿದ್ದಿದ್ದು ಹೇರೋಹಳ್ಳಿಯ ನಂಜುಂಡಪ್ಪನವರ ಕತ್ತಿಯ ಮೇಲೆ.

ನಂಜುಂಡಪ್ಪನವರಿಗೆ ಎಂಬತ್ತೆರಡು. ಹೇರೋಹಳ್ಳಿ ಇನ್ನೂ ರಾಗಿ ಹೊಲಗಳ ಊರಾಗಿದ್ದಾಗಿನಿಂದ ಅಲ್ಲಿ ಅವರದ್ದು ಕ್ಷೌರದ ಅಂಗಡಿ. ಈಗ ಕೈ ನಡುಗುತ್ತದೆ ಅಂತ ಗಿರಾಕಿಗಳನ್ನು ಅಳಿಯನಿಗೆ ಬಿಟ್ಟು, ತಾವು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಅವರ ತಂದೆಯ ಕಾಲದ ಒಂದು ಕತ್ತಿ ಗಲ್ಲಾಪೆಟ್ಟಿಗೆ ಹಿಂದೆ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಒಂದು ಸಲ ಬಿಚ್ಚಿ ತೋರಿಸಿದರು. ಅಗಲ ಅಲಗು, ದಂತದ ಬಣ್ಣದ ಹಿಡಿ. ಗೋಪೀನಾಥರ ಬಾಯಲ್ಲಿ ನೀರೂರಿತು. ಮೂರು ವರ್ಷ ಕೇಳಿದರು. ಪ್ರತಿ ಸಲವೂ ಟೀ ಸಿಗುತ್ತಿತ್ತು, ಕತ್ತಿ ಸಿಗುತ್ತಿರಲಿಲ್ಲ.

ಹಾಗಿರುವಾಗ ಒಂದು ಮಂಗಳವಾರ, ಅಂಗಡಿಗೆ ರಜೆಯ ದಿನ, ನಂಜುಂಡಪ್ಪನವರೇ ಆಟೋ ಮಾಡಿಕೊಂಡು ಗೋಪೀನಾಥರ ಮನೆಗೆ ಬಂದರು. ಕಂಕುಳಲ್ಲಿ ಅದೇ ಕೆಂಪು ಗಂಟು.

"ಸಾರ್, ನಮ್ಮೂರ ಲಕ್ಷ್ಮಿದೇವಮ್ಮಾವ್ರ ಮೊಮ್ಮಗ ರೇವಂತಂಗೆ ಮದುವೆ. ಚಪ್ಪರದ ದಿನ ಉಗುರು ತೆಗೆಯೋ ಶಾಸ್ತ್ರ ನಾನೇ ಮಾಡ್ಬೇಕು ಅಂತ ಅಮ್ಮಾವ್ರು ಹೇಳವ್ರೆ. ಅವರ ಮಾವಂಗೆ ನಮ್ಮ ತಾತ ಮಾಡಿದ್ರು, ಅವರ ಯಜಮಾನರಿಗೆ ನಮ್ಮಪ್ಪ, ಅವರ ಮಗನಿಗೆ ನಾನು. ಇದೊಂದು ಮಾಡಿಬಿಟ್ರೆ ಮುಗೀತು."

ಗೋಪೀನಾಥರಿಗೆ ಆ ಶಾಸ್ತ್ರ ಗೊತ್ತಿತ್ತು. ಮದುಮಗನನ್ನು ಹಸೆಯ ಮೇಲೆ ಕೂರಿಸಿ, ಹಾಲಲ್ಲಿ ಅದ್ದಿದ ಗರಿಕೆ ಮುಟ್ಟಿಸಿ, ಕೈಕಾಲಿನ ಇಪ್ಪತ್ತು ಉಗುರಿಗೂ ಎರಡು ಕೆನ್ನೆಗೂ ಕತ್ತಿ ಸೋಕಿಸುತ್ತಾರೆ.

"ಅವರ ಮನೆಯಲ್ಲಿ ಕೆಲವರು, ಮುದುಕನ ಕೈ ನಡುಗುತ್ತೆ, ಮೇಕಪ್ಪಿಗೆ ಬರೋರ ಕೈಲೇ ಮಾಡಿಸಿ ಅಂತವ್ರೆ" ಅಂದರು ನಂಜುಂಡಪ್ಪನವರು. ಆ ಮಾತು ಹೇಳುವಾಗ ದನಿ ಸಣ್ಣದಾಯಿತು. "ನನ್ನ ಕೈಲೇ ಆಗ್ಬೇಕು ಸಾರ್ ಇದು. ತುಕ್ಕು ಬಂದದೆ. ಅದನ್ನ ತೆಗೆದು, ಶಾಸ್ತ್ರಕ್ಕೆ ಮಾಡಿಕೊಡಿ. ಅಷ್ಟೇ ಸಾಕು. ಮದುವೆ ಆದ್ಮೇಲೆ ಕತ್ತಿ ನಿಮ್ದೇ, ಇಟ್ಕೊಳಿ."

ಕತ್ತಿ ನಿಮ್ಮದೇ ಅನ್ನುವ ಮಾತಿಗೆ ಗೋಪೀನಾಥರು ಉಬ್ಬಿಹೋದರು. ಆದರೆ ಅದರ ಹಿಂದಿನ ಮಾತು ಮುಳ್ಳಿನ ಹಾಗೆ ಚುಚ್ಚಿತು. ಶಾಸ್ತ್ರಕ್ಕೆ ಮಾಡುವುದೇ? ಸುಮ್ಮನೆ ಮಾಡಿದ ಹಾಗೆ ಮಾಡುವುದೇ? ಮೂವತ್ತಾರು ವರ್ಷದಲ್ಲಿ ಈ ಗೋಪೀನಾಥ ಒಂದು ಕೆಲಸವನ್ನಾದರೂ ಶಾಸ್ತ್ರಕ್ಕೆ ಮಾಡಿದ್ದುಂಟೇ! ಮುದುಕರು ಕಾಟಾಚಾರದ ಕೆಲಸ ಸಾಕು ಅನ್ನುತ್ತಿದ್ದಾರೆ, ಪಾಪ, ಅವರಿಗೆ ನನ್ನ ಕೈ ಗೊತ್ತಿಲ್ಲ. ತೋರಿಸುತ್ತೇನೆ ತಾಳಿ ಅಂತ ಮನಸ್ಸಿನಲ್ಲೇ ಪಂಚೆ ಎತ್ತಿ ಕಟ್ಟಿದರು.

"ಚಪ್ಪರದ ದಿನ ನಾನೇ ತಂದು ಕೈಗೆ ಕೊಡ್ತೀನಿ ನಂಜುಂಡಪ್ಪನೋರೆ, ನೀವು ನಿಶ್ಚಿಂತೆಯಾಗಿರಿ" ಅಂದರು.

"ಮಂಗಳವಾರದ ದಿವಸ ಕತ್ತಿ ವ್ಯವಹಾರ!" ಅಂತ ಪುಟ್ಟಲಕ್ಷ್ಮಮ್ಮ ಒಳಗಿನಿಂದ ಗೊಣಗಿದರು. ಗೊಣಗುತ್ತಲೇ ಬಂದವರಿಗೆ ಕಾಫಿ ತಂದುಕೊಟ್ಟರು.

ಹದಿನೇಳು ದಿನ ಆ ಕತ್ತಿಯ ಸೇವೆ ನಡೆಯಿತು. ನುಣ್ಣನೆ ಎಮ್ರಿ ಪೇಪರಿನಲ್ಲಿ, ಎಣ್ಣೆ ಹಾಕಿ, ತುಕ್ಕು ತೆಗೆಯುವುದಕ್ಕೇ ಐದು ದಿನ. ಆಮೇಲೆ ಅಲಗಿನ ಬಾಯಿ ನೋಡಿದರು. ಅಯ್ಯೋ ದೇವರೇ, ಎಷ್ಟು ಮೊಂಡು! ಸಾಣೆಕಲ್ಲು ಕಂಡು ಐವತ್ತು ವರ್ಷವಾದರೂ ಆಗಿರಬೇಕು. ಇಂಥ ಉಕ್ಕನ್ನು ಹೀಗೆ ಇಟ್ಟುಕೊಂಡಿದ್ದಾರಲ್ಲ ಅಂತ ಹೊಟ್ಟೆ ಉರಿದುಕೊಂಡರು. ಒರಟು ಕಲ್ಲು, ನಯದ ಕಲ್ಲು, ಅದಕ್ಕೂ ನಯದ ಕಲ್ಲು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ದಿನಕ್ಕೆ ನೂರು ಸಲ ಹಿಂದೆ ಮುಂದೆ. ಹದಿನೇಳನೇ ದಿನ ಹೆಂಡತಿಯ ಬಾಚಣಿಗೆಯಿಂದ ಒಂದು ಕೂದಲು ತಂದು, ಎರಡು ಬೆರಳಲ್ಲಿ ತೂಗುಬಿಟ್ಟು, ಅಲಗಿಗೆ ತಾಗಿಸಿದರು. ಕೂದಲು ಸದ್ದಿಲ್ಲದೆ ಎರಡಾಯಿತು. ನಲವತ್ತಮೂರು ಕತ್ತಿಗಳಲ್ಲಿ ಒಂದಕ್ಕೂ ಇಂಥ ಬಾಯಿ ಬಂದಿರಲಿಲ್ಲ. ಗೋಪೀನಾಥರ ಕಣ್ಣು ತುಂಬಿಬಂತು. ಕೆಳಗೆ ಬಂದು ಹೆಂಡತಿಗೆ ಹೇಳಿದರೆ, "ಕೂದಲು ನಂದೇ ತಾನೇ, ಅದಕ್ಕೂ ಒಂದು ಮಾತು ಕೇಳ್ಬಾರ್ದಾ?" ಅಂದರು ಆಕೆ.

ಭಾನುವಾರ ಚಪ್ಪರ. ಗಂಡ ಹೆಂಡತಿ ಇಬ್ಬರೂ ಸ್ಕೂಟರಿನಲ್ಲಿ ಹೇರೋಹಳ್ಳಿಯ ಗುಂಡಿಗಳನ್ನೆಲ್ಲ ಹತ್ತಿಳಿದು ಲಕ್ಷ್ಮಿದೇವಮ್ಮನವರ ಮನೆ ಮುಂದೆ ಇಳಿದಾಗ ಗಂಟೆ ನಾಲ್ಕು. ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಕಂಬಕ್ಕೆಲ್ಲ ಬಾಳೆಗೊನೆ, ಒಂದು ಮೂಲೆಯಲ್ಲಿ ಬೋಂಡ ಕರಿಯುವ ವಾಸನೆ. ರೇವಂತ ಪಂಚೆ ಉಟ್ಟು, ಮೈಗೆಲ್ಲ ಅರಿಶಿನ ಬಳಿಸಿಕೊಂಡು, ಫೋನು ಎಲ್ಲಿಡಬೇಕು ಅಂತ ತಿಳಿಯದೆ ಕೂತಿದ್ದ. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಶಾಸ್ತ್ರ ಮುಗಿಯಬೇಕು ಅಂತ ಲಕ್ಷ್ಮಿದೇವಮ್ಮನವರು ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದರು.

ಗೋಪೀನಾಥರು ಸುಮ್ಮನೆ ಕತ್ತಿ ಕೊಟ್ಟು ಕೂತಿದ್ದರೆ ಆಗುತ್ತಿತ್ತು. ಕೂರುತ್ತಾರೆಯೇ? ಚಪ್ಪರದ ಮಧ್ಯೆ ನಿಂತು ಕೆಂಪು ವಸ್ತ್ರ ಬಿಚ್ಚಿದರು. ಅಲಗು ಫಳಫಳ ಹೊಳೆಯಿತು. "ಯಾರಾದ್ರೂ ಒಂದು ಕೂದಲು ಕೊಡ್ರಪ್ಪಾ" ಅಂದರು. ಮದುಮಗನ ಚಿಕ್ಕಮ್ಮ ಒಬ್ಬರು ನಗುತ್ತಾ ಜಡೆಯಿಂದ ಒಂದೆಳೆ ಕಿತ್ತು ಕೊಟ್ಟರು. ಎಲ್ಲರೂ ನೋಡುತ್ತಿರುವಾಗ ಎಳೆ ಎರಡು ತುಂಡಾಗಿ ಬಿತ್ತು. ಚಪ್ಪಾಳೆಯೋ ಚಪ್ಪಾಳೆ! ಯಾರೋ ಶಿಳ್ಳೆ ಕೂಡ ಹಾಕಿದರು. ಗೋಪೀನಾಥರ ಕಾಲು ನೆಲದ ಮೇಲಿರಲಿಲ್ಲ.

ಆಗಲೇ ನಂಜುಂಡಪ್ಪನವರ ಮುಖ ನೋಡಿದ್ದು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಸಾರ್, ಸ್ವಲ್ಪ ಬನ್ನಿ" ಅಂತ ಅವರು ಗೋಪೀನಾಥರ ತೋಳು ಹಿಡಿದು ಮನೆ ಹಿಂದಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಳೆದುಕೊಂಡು ಹೋದರು. ಪುಟ್ಟಲಕ್ಷ್ಮಮ್ಮನೂ ಹಿಂದೆಯೇ ಬಂದರು.

"ಏನ್ ಸಾರ್ ಹಿಂಗ್ ಮಾಡಿಬಿಟ್ರಿ! ಶಾಸ್ತ್ರಕ್ಕೆ ಮಾಡಿಕೊಡಿ ಅಂದಿದ್ದೆ ನಾನು!"

"ಅದಕ್ಕೇ ಅಲ್ವಾ ನಂಜುಂಡಪ್ಪನೋರೆ, ಬರೀ ಶಾಸ್ತ್ರಕ್ಕೆ ಯಾಕೆ ಅಂತ ನಾನು..."

"ಅಯ್ಯೋ, ಇದು ಶಾಸ್ತ್ರದ ಕತ್ತಿ ಸಾರ್! ಶಾಸ್ತ್ರ ಮಾಡಕ್ಕೆ ಅಂತಲೇ ಇರೋ ಕತ್ತಿ! ಇದಕ್ಕೆ ಸಾಣೆ ಹಿಡಿಯೋ ಹಂಗೇ ಇಲ್ಲ. ನಮ್ಮಪ್ಪ ಒಂದು ದಿನಾನೂ ಹಿಡಿದೋರಲ್ಲ. ಮದುಮಗನಿಗೆ ಸೋಕಿಸೋ ಕತ್ತಿ ಮೊಂಡಾಗೇ ಇರ್ಬೇಕು. ಹಸೆ ಮೇಲೆ ಒಂದು ತೊಟ್ಟು ರಕ್ತ ಬಿದ್ರೆ ಅಪಶಕುನ ಅಂತಾರೆ. ನೋಡಿ ನನ್ನ ಕೈ." ಮುಂದೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಅಲ್ಲಾಡುತ್ತಿದ್ದವು. "ಈ ಕೈಲಿ ಆ ಕತ್ತಿ ಹಿಡ್ಕೊಂಡು ಆ ಮಗು ಕೆನ್ನೆಗೆ ಹೆಂಗೆ ಹೋಗ್ಲಿ?"

ಗೋಪೀನಾಥರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಬೆನ್ನು ತಾಗಿಸಿದ್ರೆ ಆಗಲ್ವಾ? ಬಾಯಿ ಈ ಕಡೆ ತಿರುಗಿಸ್ಕೊಂಡು?"

"ಬಾಯೇ ಸೋಕ್ಬೇಕು. ಎಂಬತ್ತು ವರ್ಷದಿಂದ ಈ ಮನೆಗೆ ಹಂಗೇ ಮಾಡ್ಕೊಂಡು ಬಂದಿರೋದು, ಕೊನೇ ಸಲ ಮೋಸ ಮಾಡಲ್ಲ." ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. "ಬಿಡಿ, ಮೇಕಪ್ಪಿನೋರ ಕೈಲೇ ಮಾಡಿಸ್ಲಿ. ಅವರ ಕೈ ಗಟ್ಟಿಯಾಗದೆ."

ಮುಂದಿನಿಂದ ಲಕ್ಷ್ಮಿದೇವಮ್ಮನವರು "ನಂಜುಂಡಪ್ಪಾ, ಎಲ್ಲೋದ್ಯೋ, ಹೊತ್ತಾಯ್ತು!" ಅಂತ ಕೂಗುವುದು ಕೇಳಿಸಿತು. ನಾಲ್ಕು ಗಂಟೆ ಹತ್ತು ನಿಮಿಷ.

ಗೋಪೀನಾಥರು ಕೈಯಲ್ಲಿದ್ದ ಕತ್ತಿ ನೋಡಿದರು. ಹದಿನೇಳು ದಿನದ ಕೆಲಸ. ಇನ್ನು ಈ ಜನ್ಮದಲ್ಲಿ ಇಂಥ ಬಾಯಿ ಕಟ್ಟಲು ಆಗುತ್ತದೋ ಇಲ್ಲವೋ. ಅದೂ ನಾಳೆಯಿಂದ ತಮ್ಮದೇ ಆಗಬೇಕಾದ ಕತ್ತಿ. ಎದೆಯಲ್ಲಿ ಸಂಕಟವಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಕಲ್ಲಿನ ಮೇಲೆ ಕೂತ ಮುದುಕರನ್ನು ನೋಡಿದಾಗ ಆದ ಸಂಕಟ ಅದಕ್ಕಿಂತ ದೊಡ್ಡದಿತ್ತು.

"ಏಳಿ ನಂಜುಂಡಪ್ಪನೋರೆ, ನನಗೆ ಆ ಕಲ್ಲು ಬೇಕು" ಅಂದರು.

ಮೊಂಡು ಮಾಡುವುದು ಅಂದರೆ ಕಲ್ಲಿಗೆ ಉಜ್ಜಿಬಿಡುವುದು ಅಂತ ನೀವು ನಾವು ಅಂದುಕೊಳ್ಳಬಹುದು. ಟೂಲ್ ರೂಮಿನವರಿಗೆ ಗೊತ್ತು, ಹಾಗೆ ಉಜ್ಜಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಏಳುತ್ತದೆ. ಅದು ಹರಿತವಾದ ಕತ್ತಿಗಿಂತ ಕೆಟ್ಟದ್ದು, ಚರ್ಮವನ್ನು ಗೀರಿಬಿಡುತ್ತದೆ. ಹರಿತ ಮಾಡುವಾಗ ಎಷ್ಟು ಜೋಪಾನವೋ ಮೊಂಡು ಮಾಡುವಾಗಲೂ ಅಷ್ಟೇ ಜೋಪಾನ. ಗೋಪೀನಾಥರು ಕಲ್ಲಿನ ಮೇಲೆ ನೀರು ಸುರಿದು, ಒಂದು ಉಸಿರು ಎಳೆದುಕೊಂಡು, ಅಲಗನ್ನು ನೆಟ್ಟಗೆ ನಿಲ್ಲಿಸಿ ಒಂದೇ ಸಲ ಎಳೆದರು. ಕರ್ರ್ ಅಂತ ಸದ್ದಾಯಿತು. ಕಣ್ಣು ಮುಚ್ಚಿಕೊಂಡರು. ಆಮೇಲೆ ಕಣ್ಣು ತೆರೆದು ಕೆಲಸ ಶುರುಮಾಡಿದರು. ಎರಡೂ ಪಕ್ಕ ಸಮವಾಗಿ ದುಂಡಗೆ, ಹಿಡಿಯ ಬುಡದಿಂದ ಅಲಗಿನ ತುದಿಯವರೆಗೆ. ಪುಟ್ಟಲಕ್ಷ್ಮಮ್ಮ ಅಡುಗೆಯವರ ಹತ್ತಿರ ಓಡಿ ಸ್ಟೀಲ್ ಲೋಟ ತಂದರು. ಗೋಪೀನಾಥರು ಅದರ ನುಣುಪು ಹೊಟ್ಟೆಗೆ ಅಲಗನ್ನು ಉಜ್ಜಿ ಉಜ್ಜಿ ಮುಳ್ಳನ್ನು ಮಲಗಿಸಿದರು.

ಪರೀಕ್ಷೆ ಮಾಡೋಣ ಅಂದರೆ ಎಡಗೈ ಮೇಲೆ ಕೂದಲೇ ಇಲ್ಲ! ನಿನ್ನೆಯೇ ಬಯಲಾಗಿತ್ತು. ಬಲಗೈ ಮೇಲೆ ನೋಡೋಣ ಅಂದರೆ ಎಡಗೈಯಲ್ಲಿ ಕತ್ತಿ ಹಿಡಿದು ಅವರಿಗೆ ಅಭ್ಯಾಸವಿಲ್ಲ.

"ನನ್ನ ಕೆನ್ನೆ ಮೇಲೆ ನೋಡಿ" ಅಂದರು ಪುಟ್ಟಲಕ್ಷ್ಮಮ್ಮ.

"ಹುಚ್ಚಾ ನಿಂಗೆ?"

"ಮದುಮಗನ ಕೆನ್ನೆನೂ ಮೆತ್ತಗೇ ಇರುತ್ತೆ. ಬೇಗ ನೋಡಿ, ಹೊತ್ತಾಗುತ್ತೆ." ಕ್ಷೌರದ ಕತ್ತಿಯನ್ನು ಹೊಸ್ತಿಲು ದಾಟಿಸದ ಹೆಂಗಸು ಕಣ್ಣು ಮುಚ್ಚಿಕೊಂಡು ಮುಖ ಮುಂದೆ ತಂದು ನಿಂತರು. ಗೋಪೀನಾಥರು ನಿಧಾನವಾಗಿ ಅಲಗು ಎಳೆದರು. ಇನ್ನೊಮ್ಮೆ, ಕೈಯನ್ನು ಬೇಕೆಂದೇ ನಡುಗಿಸಿ ಎಳೆದರು.

"ಏನಾದ್ರೂ ಆಯ್ತಾ?"

"ಕಚಗುಳಿ ಆಯ್ತು ಕಣ್ರೀ" ಅಂತ ಆಕೆ ನಕ್ಕುಬಿಟ್ಟರು.

ಮುಂದೆ ಬಂದರೆ ಇನ್ನೊಂದು ತಾಪತ್ರಯ. ರೇವಂತ ಹಸೆಯಿಂದ ಎದ್ದು ನಿಂತಿದ್ದ. "ಅಜ್ಜಿ, ಆ ಕತ್ತಿ ಬೇಡ. ಕೂದಲು ಕಟ್ ಮಾಡಿದ್ದು ನೋಡಿಲ್ವಾ ನೀನು? ತಾತನ ಕೈ ನೋಡು ಹೆಂಗೆ ಶೇಕ್ ಆಗ್ತಿದೆ! ನನ್ನ ಕಿವಿ ಹೋದ್ರೆ?" ಅವನ ಗೆಳೆಯರು "ಮಗಾ, ಇನ್ಶೂರೆನ್ಸ್ ಇದೆಯಾ?" ಅಂತ ಕಿಚಾಯಿಸುತ್ತಿದ್ದರು. ಸಂಬಂಧಿಕರೊಬ್ಬರು ಆಗಲೇ ಮೇಕಪ್ಪಿನವರನ್ನು ಕರೆಯಲು ಹೊರಟಿದ್ದರು. ನಂಜುಂಡಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು.

ಹದಿನೈದು ನಿಮಿಷದ ಹಿಂದೆ ಚಪ್ಪಾಳೆ ಗಿಟ್ಟಿಸಿದ ಜಾಗದಲ್ಲೇ ಗೋಪೀನಾಥರು ಹೋಗಿ ನಿಂತರು.

"ಬಾಪ್ಪ ರೇವಂತ, ನೋಡು. ಆ ಕತ್ತಿ ಬಾಯಿ ಹೋಯ್ತು. ಈಗ ಇದು ಏನೂ ಕುಯ್ಯಲ್ಲ." ಅಂಗೈ ಮೇಲೆ ಅಲಗನ್ನು ಒತ್ತಿ ಎಳೆದರು. ಏನೂ ಆಗಲಿಲ್ಲ. ಬಾಳೆಗೊನೆಯಿಂದ ಹಣ್ಣೊಂದನ್ನು ಕಿತ್ತು, ಸಿಪ್ಪೆಯ ಮೇಲೆ ಆಡಿಸಿದರು. ಸಿಪ್ಪೆ ಕೊಂಚ ತಗ್ಗಿತೇ ಹೊರತು ಹರಿಯಲಿಲ್ಲ. "ಬಾಳೆಹಣ್ಣೂ ಹೆಚ್ಚಲ್ಲ ಸ್ವಾಮಿ! ಇಷ್ಟು ಮೊಂಡು ಕತ್ತಿ ಇಡೀ ಬೆಂಗಳೂರಲ್ಲಿ ನಿಮಗೆ ಸಿಗಲ್ಲ!" ಅಂತ ಕೂಗಿ ಹೇಳಿದರು. ಚಪ್ಪರವೆಲ್ಲ ಹೋ ಅಂತ ನಕ್ಕಿತು. ಮೊದಲು ಶಿಳ್ಳೆ ಹಾಕಿದವನೇ "ಅಂಕಲ್, ದುಡ್ಡು ವಾಪಸ್!" ಅಂದ. ಗೋಪೀನಾಥರ ಕಿವಿ ಕೆಂಪಾಯಿತು. ಆದರೂ ನಗುತ್ತಲೇ ಇದ್ದರು.

ರೇವಂತನೂ ನಕ್ಕು, ಹಸೆಯ ಮೇಲೆ ಕೂತು ಕಾಲು ಚಾಚಿದ.

ನಂಜುಂಡಪ್ಪನವರು ಗರಿಕೆಯನ್ನು ಹಾಲಿಗೆ ಅದ್ದಿದರು. ಕಾಲಿನ ಹೆಬ್ಬೆರಳಿನಿಂದ ಶುರು. ಕತ್ತಿ ಉಗುರಿಗೆ ಟಕಟಕ ಬಡಿಯುತ್ತಿತ್ತು, ಅಷ್ಟು ನಡುಗುತ್ತಿತ್ತು ಕೈ. ಹತ್ತು ಕಾಲಿನದು, ಹತ್ತು ಕೈಯದು. ಸೋಬಾನೆ ಹಾಡುತ್ತಿದ್ದ ಹೆಂಗಸರು ಕೆನ್ನೆಯ ಸರದಿ ಬಂದಾಗ ಹಾಡು ನಿಲ್ಲಿಸಿಬಿಟ್ಟರು. ಎಡಗೆನ್ನೆಯ ಮೇಲೆ ಅಲಗು ಅಂಕುಡೊಂಕಾಗಿ ಇಳಿಯಿತು. ಬಲಗೆನ್ನೆಯ ಮೇಲೆ ಒಮ್ಮೆ ಜಾರಿ ಕತ್ತಿನವರೆಗೂ ಹೋಯಿತು. ಗೋಪೀನಾಥರು ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ರೇವಂತ ಕಣ್ಣು ಬಿಟ್ಟ. ಕೆನ್ನೆಯ ಮೇಲೆ ಹಾಲು ಮತ್ತು ಅರಿಶಿನ, ಇನ್ನೇನೂ ಇಲ್ಲ. ಗಂಟೆ ನಾಲ್ಕು ಇಪ್ಪತ್ತಾರು.

ಲಕ್ಷ್ಮಿದೇವಮ್ಮನವರು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಪಂಚೆ ಇಟ್ಟು ತಂದು ನಂಜುಂಡಪ್ಪನವರ ಕೈಗೆ ಕೊಟ್ಟರು. ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಮುದುಕರು ತಲೆಯಾಡಿಸಿದರು, ತಲೆಯಾಡಿಸುತ್ತಲೇ ಇದ್ದರು.

ಬೋಂಡ ತಿಂದು, ಗೋಪೀನಾಥರು ಸ್ಕೂಟರಿನ ಹತ್ತಿರ ಬಂದಾಗ ನಂಜುಂಡಪ್ಪನವರು ಮೊರ ತಬ್ಬಿಕೊಂಡು ಹಿಂದೆ ಬಂದರು. ಕತ್ತಿ ಮತ್ತೆ ಕೆಂಪು ವಸ್ತ್ರದೊಳಗೆ ಸೇರಿ, ಅವರ ಜುಬ್ಬದ ಜೇಬಿನಲ್ಲಿತ್ತು. ತುದಿ ಹೊರಗೆ ಕಾಣುತ್ತಿತ್ತು. ಗೋಪೀನಾಥರು ಅದನ್ನೇ ನೋಡಿದರು.

"ಸಾರ್, ಮದುವೆ ಆದ್ಮೇಲೆ ಕತ್ತಿ ಕೊಡ್ತೀನಿ ಅಂದಿದ್ದೆ."

"ಹೂಂ."

"ಬೇಜಾರ್ ಮಾಡ್ಕೋಬೇಡಿ. ಕೊಡಲ್ಲ."

ಗೋಪೀನಾಥರು ಹೆಲ್ಮೆಟ್ಟು ಕೈಯಲ್ಲೇ ಹಿಡಿದು ನಿಂತರು. ನಂಜುಂಡಪ್ಪನವರ ಮುಖದ ತುಂಬ ನಗು.

"ರೇವಂತನ ತಮ್ಮಂಗೂ ನೀನೇ ಬರ್ಬೇಕು ಕಣೋ ನಂಜುಂಡಪ್ಪ ಅಂತ ಅಮ್ಮಾವ್ರು ಈಗ ಹೇಳಿದ್ರು. ಆಗ್ಲಿ ಅಂತ ಮಾತು ಕೊಟ್ಟುಬಿಟ್ಟೆ."

ಗೋಪೀನಾಥರು ಚಪ್ಪರದ ಕಡೆ ತಿರುಗಿ ನೋಡಿದರು. ರೇವಂತನ ತಮ್ಮ, ಮೀಸೆಯೂ ಸರಿಯಾಗಿ ಚಿಗುರದ ಹುಡುಗ, ನಿಂತು ಬೋಂಡ ತಿನ್ನುತ್ತಿದ್ದ.

"ನಂಜುಂಡಪ್ಪನೋರೆ, ಆ ಹುಡುಗ ಇನ್ನೂ ಫಸ್ಟ್ ಪಿಯುಸಿ ಓದ್ತಾ ಇದಾನೆ!"

"ಓದ್ಲಿ ಬಿಡಿ ಸಾರ್" ಅಂದರು ಎಂಬತ್ತೆರಡರ ನಂಜುಂಡಪ್ಪನವರು, ಮೊರವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಳ್ಳುತ್ತಾ. "ನಮಗೇನು ಅವಸರ?"